ರೂತಮ್ಮನ ಮನೆಗೆ ಬಂದ ಕಡಲ ಹೂ

ರೂತಮ್ಮ ಹೆದರಿದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಒಂದು ದಿನದ ಹೆದರಿಕೆಯಲ್ಲ ಅದು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ದಸರೆಯ ಬನ್ನಿ ಎಲೆ ಇನ್ನೂ ಜನರ ಕಿಸೆಯಲ್ಲಿ ಒಣಗುತ್ತಿದ್ದಾಗ ಹಿಡಿದದ್ದು, ನವೆಂಬರ್ ಕೊನೆಯವರೆಗೆ ಬಿಡಲಿಲ್ಲ. ಹೆದರಿಸಿದ್ದು ಹುಲಿಯಲ್ಲ, ಹಾವಲ್ಲ. ಬದನೆ ಹೂವಿಗಿಂತ ತುಸು ದೊಡ್ಡದಾದ, ಹಲ್ಲಿಲ್ಲದ, ಕಾಲಿಲ್ಲದ, ಗಾಜಿನ ಪಾತ್ರೆಯೊಳಗೆ ಕಲ್ಲಿಗೆ ಅಂಟಿಕೊಂಡು ಕೂತ ಒಂದು ಜೀವ.

ಆಕೆ ಹೆದರುವ ಪೈಕಿಯ ಹೆಂಗಸಲ್ಲ. ಭಾಲ್ಕಿ ತಾಲೂಕಿನ ಸಾಯಗಾಂವದವಳು. ತಂದೆ ಎಲೀಷ ವಾರವೆಲ್ಲ ಕಂಡವರ ಹೊಲದಲ್ಲಿ ದುಡಿದು, ಭಾನುವಾರ ಪ್ರಾರ್ಥನೆಯ ಕೂಟದಲ್ಲಿ ಹಲಗೆ ಬಾರಿಸುತ್ತಿದ್ದ. ತಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಮಗಳಿಗೆ ಬಿಟ್ಟುಹೋದದ್ದು ಒಂದು ತಾಮ್ರದ ಕೊಡ. ಹದಿನಾಲ್ಕು ವರ್ಷದ ರೂತಮ್ಮ ಆ ಕೊಡ ಕಂಕುಳಲ್ಲಿ ಇಟ್ಟುಕೊಂಡು ಬೀದರಿನ ಮಿಷನ್ ದವಾಖಾನೆಗೆ ಬಂದಳು. ಕಸ ಗುಡಿಸಿದಳು, ರಕ್ತದ ಬಟ್ಟೆ ಒಗೆದಳು, ನೋಡುತ್ತ ನೋಡುತ್ತ ಸೂಲಗಿತ್ತಿಯ ಕೆಲಸ ಕಲಿತಳು. ಮದುವೆಯಾದ ಮೂರನೆಯ ವರ್ಷ ಗಂಡ ಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ಊರ ನಡುವಿನ ಚೌಬಾರಾ ಗೋಪುರದ ಹಿಂದಿನ ನಮ್ಮ ಓಣಿಯಲ್ಲಿ ಒಂದು ಖೋಲಿಯಲ್ಲಿ ಒಬ್ಬಳೇ ಇರುತ್ತಿದ್ದಳು. ಶನಿವಾರ ಬಂತೆಂದರೆ ಹುಣಸೆ ಹಣ್ಣು ಹಚ್ಚಿ ಆ ಕೊಡವನ್ನು ತಿಕ್ಕಿ ತಿಕ್ಕಿ ಇಡೀ ಓಣಿಗೆ ಕಣ್ಣು ಕುಕ್ಕುವಂತೆ ಮಾಡಿ, ಭಾನುವಾರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುತ್ತಿದ್ದಳು.

ಆಗ ನನ್ನದು ಟಾಂಗಾ. ಹಳ್ಳಿಗಳ ಹೆರಿಗೆಗೆ ಆಕೆಯನ್ನು ಕರೆದೊಯ್ಯುತ್ತಿದ್ದವನು ನಾನೇ. ಒಂದು ಸಂಜೆ ಔರಾದಿನ ದಾರಿಯಲ್ಲಿ ತೋಳ ಅಡ್ಡ ನಿಂತಿತು. ನನ್ನ ಕುದುರೆ ನಡುಗಿತು, ನಾನೂ ನಡುಗಿದೆ. ಹಿಂದೆ ಕೂತ ಆಕೆ, "ತೋಳಕ್ಕ ತೋಳದ ಕೆಲಸ ಅದ, ನಮಗ ನಮ್ಮದು. ಹೊಡಿ ನರಸಿಂಗ," ಅಂದಳು. ಅಷ್ಟೇ. ಅಂಥ ಹೆಂಗಸು.

ನಮ್ಮ ಓಣಿಯ ಕೊನೆಯ ಮನೆ ಹಮೀದುನ್ನಿಸಾಳದು. ರೂತಮ್ಮ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು. ಗಂಡ ತೀರಿ ಬಹಳ ವರ್ಷವಾಗಿತ್ತು. ಒಬ್ಬನೇ ಮಗ, ಮುಜೀಬೋದ್ದೀನ. ರೂತಮ್ಮ ಯಾರ ನೆರವೂ ಇಲ್ಲದೆ ತನ್ನ ಕೈಯಿಂದ ಮಾಡಿಸಿದ ಮೊದಲ ಹೆರಿಗೆಯ ಕೂಸು ಅವನೇ. ಹದಿನೇಳಕ್ಕೆ ಮುಂಬೈಗೆ ಓಡಿಹೋಗಿ ಹಡಗಿನಲ್ಲಿ ಖಲಾಸಿಯಾದ. ಮರುವರ್ಷ ಬಂದಾಗ ತಾಯಿಗೆ ಸೀರೆ ತರಲಿಲ್ಲ, ಬಳೆ ತರಲಿಲ್ಲ. ತಾರು ಕಚೇರಿಯವರು ಬ್ಯಾಟರಿಗೆ ಇಡುವಂಥ ಒಂದು ಚೌಕ ಗಾಜಿನ ಪಾತ್ರೆಯಲ್ಲಿ ಕಡಲ ನೀರು ತುಂಬಿ, ಅದರಲ್ಲಿ ಕಲ್ಲಿನ ಸಮೇತ ಈ ಜೀವವನ್ನು ತಂದ. ಮುಂಬೈ ದಂಡೆಯ ಬಂಡೆಯಲ್ಲಿ ಸಿಕ್ಕಿತಂತೆ. ಮೈ ಹಸಿರು-ಕಂದು, ಮೆತ್ತನೆಯ ಗುಬುಟು. ಮೇಲೆ ಸುತ್ತಲೂ ನೂಲಿನಂಥ ಬೆರಳುಗಳು, ನಡುವೆ ಬಾಯಿ. ಅರಳಿದರೆ ಸೇವಂತಿಗೆ; ಮುಟ್ಟಿದರೆ ಮುದುಡಿ ಹುಣಸೆ ಉಂಡೆ. ಓಣಿಯವರು ಕಡಲ ಹೂ ಅಂದರು. ಆದರೆ ಅದು ಪ್ರಾಣಿ, ಮೀನಿನ ಚೂರು ಕೊಟ್ಟರೆ ಬೆರಳುಗಳಿಂದ ಹಿಡಿದು ಬಾಯಿಗೆ ಇಟ್ಟುಕೊಳ್ಳುತ್ತಿತ್ತು. ನಾನು ಕಣ್ಣಾರೆ ಕಂಡದ್ದು.

ಮುಜೀಬ ಮತ್ತೆ ಬರಲಿಲ್ಲ. ಬಸ್ರಾದಿಂದ ಒಂದು ಕಾಗದ ಬಂದದ್ದೇ ಕೊನೆ, ಅದಕ್ಕೂ ಎರಡು ವರ್ಷವಾಗಿತ್ತು. ಎರಡು ತಿಂಗಳಿಗೊಮ್ಮೆ ಮಾತ್ರ ಅವನ ಗೆಳೆಯ, ರೈಲಿನ ಗಾರ್ಡ್ ಗೋರಖನಾಥ, ಒಂದು ಉಪ್ಪಿನಕಾಯಿ ಬರಣಿಯ ತುಂಬ ಕಡಲ ನೀರು ತಂದು ಬೀದರ ಸ್ಟೇಶನ್ನಿನಲ್ಲಿ ಇಳಿಸುತ್ತಿದ್ದ. ಮಗನ ಕಾಗದ ಬರದ ತಾಯಿಗೆ ಕಡಲ ನೀರು ಬರುತ್ತಿತ್ತು. ಮುದುಕಿಯ ಮನಸ್ಸಿನಲ್ಲಿ ಯಾವಾಗ ಬೇರೂರಿತೋ, ಒಂದು ನಂಬಿಕೆ ಕೂತುಬಿಟ್ಟಿತು: ಹೂ ಅರಳಿದ್ದರೆ ಮುಜೀಬ ಎಲ್ಲೋ ಸುಖವಾಗಿದ್ದಾನೆ, ಮುಚ್ಚಿದರೆ ಅವನಿಗೆ ಮೈಯಲ್ಲಿ ಆರಾಮಿಲ್ಲ, ಸತ್ತರೆ, ಅದನ್ನು ಆಕೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಆಕೆಯ ಎರಡೂ ಕಣ್ಣಿಗೆ ಪೊರೆ ಬಂತು. ಹೈದರಾಬಾದಿನಲ್ಲಿದ್ದ ತಮ್ಮ ಆಪರೇಶನ್ ಮಾಡಿಸುತ್ತೇನೆಂದು ಕರೆಸಿಕೊಂಡ. ಒಂದೂವರೆ ತಿಂಗಳ ಮಾತು. ಹೊರಡುವ ಮುಂಚೆ ರೂತಮ್ಮನನ್ನು ಕೂಡಿಸಿಕೊಂಡು, ಕುರುಡುಗಣ್ಣಿನಲ್ಲೇ ಪಾತ್ರೆಯ ಅಂಚು ತಡವಿ ತಡವಿ ಹೇಳಿಕೊಟ್ಟಳು.

"ನೋಡು ಬೇಟಿ, ಮುಂಜಾನಿ ನಲವತ್ತು, ಸಂಜಿ ನಲವತ್ತು. ಈ ಚೀನಿ ಪ್ಯಾಲಿಲೆ ನೀರು ಎತ್ತಬೇಕು, ಗೇಣೆತ್ತರದಿಂದ ಮತ್ತ ಅದರಾಗೇ ಬಿಡಬೇಕು. ಅದು ಅದರ ಉಸಿರು. ನೀರು ಆರಿ ಈ ಗೀರಿಗಿಂತ ಕೆಳಗ ಇಳೀತಂದ್ರ ಸಿಹಿನೀರು ಹಾಕು. ಸಮುದ್ರದ ನೀರಲ್ಲ, ಸಿಹಿನೀರು. ಆರೋದು ನೀರು, ಉಪ್ಪು ಅಲ್ಲೇ ಇರ್ತದ."

"ತಿಳೀತು ಖಾಲಾ."

"ಶುಕ್ರವಾರಕ್ಕೊಮ್ಮಿ ಮೀನಿನ ಚೂರು, ಅಕ್ಕಿಕಾಳಷ್ಟು. ಉಗುಳಿದ್ದು ತೆಗೀಬೇಕು. ಬಿಸಿಲು ಬ್ಯಾಡ, ಬೆಳಕು ಬೇಕು. ಬರಣಿದಾಗ ಇನ್ನ ಅರ್ಧ ಸಮುದ್ರದ ನೀರದ, ಹೊಸಾದು ಬರೋತನಾ ಅದೇ. ನೀರು ಇಡ್ಲಿಕ್ಕ ಈ ಮಡಕಿ. ಮುಜೀಬ ಹೇಳ್ಯಾನ."

ಹೇಳಿ, ಬೆರಳನ್ನು ನೀರಿಗೆ ಇಳಿಬಿಟ್ಟಳು. ಹೂವಿನ ಎಳೆಗಳು ಬೆರಳ ತುದಿಗೆ ಬಂದು ಅಂಟಿದವು. ಬೆಕ್ಕಿನ ನಾಲಗೆ ತಾಗಿದ ಹಾಗೆ ಇರುತ್ತದೆಂದು ಆಕೆ ಹೇಳುತ್ತಿದ್ದಳು. ಎರಡು ವರ್ಷದಿಂದ ಆಕೆ ಅದನ್ನು ನೋಡುತ್ತಿದ್ದದ್ದೇ ಹಾಗೆ.

"ಇದನ್ನ ನಿನ್ನ ಕೈಯಾಗ ಕೊಟ್ಟು ಹೊಂಟೀನಿ," ಅಂದಳು. "ಅವನನ್ನೂ ಮೊದಲ ನಿನ್ನ ಕೈಯಾಗೇ ಕೊಟ್ಟಿದ್ದೆ."

ಆ ಮಾತು ಕೇಳಿದಾಗಲೇ ರೂತಮ್ಮನ ಮುಖದಲ್ಲಿ ನಾನು ಮೊದಲು ಕಾಣದ ಒಂದು ಬಣ್ಣ ಬಂತು. ಮುದುಕಿಯನ್ನು ಸ್ಟೇಶನ್ನಿಗೆ ಬಿಟ್ಟು ಬಂದ ಮೇಲೆ ನಾನೂ ರೂತಮ್ಮನೂ ಸೇರಿ ಪಾತ್ರೆಯನ್ನು ಆ ಮನೆಯಿಂದ ಈ ಮನೆಗೆ ತಂದೆವು. ಐವತ್ತು ಹೆಜ್ಜೆ ದಾರಿ. ನಡುವೆ ಆಕೆ ಏಳು ಸಲ ನಿಲ್ಲಿಸಿದಳು. ಹೆಣ ಹೊತ್ತರೂ ಅಷ್ಟು ಮೆಲ್ಲಗೆ ನಡೆಯುವುದಿಲ್ಲ ಎಂದು ನಾನು ನಕ್ಕೆ. ಆಕೆ ನಗಲಿಲ್ಲ.

ಈಗ ತಪ್ಪು ನಡೆದದ್ದು ಹೇಳಬೇಕು. ಆ ಮಡಕೆ ಹಳೆಯದು, ಒಳಗೆ ಪಾಚಿ ಕಟ್ಟಿ ನುಣುಪಾಗಿತ್ತು. ಇಪ್ಪತ್ತೆಂಟು ವರ್ಷ ದವಾಖಾನೆಯಲ್ಲಿ ಕೈ ತೊಳೆದು ತೊಳೆದು ಬದುಕಿದವಳು ಅಂಥದರಲ್ಲಿ ನೀರು ಇಡುತ್ತಾಳೆಯೇ? ಹಿತ್ತಲಲ್ಲಿ ಬೋರಲು ಹಾಕಿದಳು. ತನ್ನ ಮನೆಯಲ್ಲಿ ಎಲ್ಲಕ್ಕಿಂತ ಶುದ್ಧವಾದದ್ದು ಯಾವುದು? ಅವ್ವನ ತಾಮ್ರದ ಕೊಡ. ಬಾವಿಯ ಸಿಹಿನೀರು ಕುದಿಸಿ, ಆರಿಸಿ, ಅದರಲ್ಲಿ ತುಂಬಿಟ್ಟಳು. ಶನಿವಾರಕ್ಕೊಮ್ಮೆ ತಿಕ್ಕುವ ಕೊಡವನ್ನು ಹೂವಿನ ಸಲುವಾಗಿ ದಿನಾ ಹುಣಸೆ ಹಚ್ಚಿ ತಿಕ್ಕತೊಡಗಿದಳು. ನಮ್ಮ ಕಡೆ ಯಾರನ್ನು ಕೇಳಿದರೂ ಹಾಗೇ ಮಾಡು ಅನ್ನುತ್ತಿದ್ದರು. ತಾಮ್ರದ ನೀರೆಂದರೆ ಬಾಣಂತಿಗೆ ಕೊಡುವ ನೀರು, ದೇವರಿಗೆ ಇಡುವ ನೀರು.

ಐದನೆಯ ದಿನ ಹೂ ಅರ್ಧ ಮುಚ್ಚಿತು. ಎಂಟನೆಯ ದಿನ ಪೂರ್ತಿ ಮುಚ್ಚಿತು.

ಮುಂಜಾನೆ ನಾನು ಕುದುರೆಗೆ ಹುಲ್ಲು ಹಾಕುತ್ತಿದ್ದೆ. ರೂತಮ್ಮ ಬಾಗಿಲಲ್ಲಿ ನಿಂತು ಕರೆದಳು. ದನಿ ತನ್ನದಲ್ಲ ಎಂಬಂತಿತ್ತು.

"ನರಸಿಂಗ, ಇದು ಉಣ್ಣಲಿಲ್ಲೋ. ಮೀನು ಬಾಯಿ ಮುಂದ ಇಟ್ಟೆ, ಹಂಗೇ ಬಿದ್ದದ."

"ಹಸಿವಿಲ್ಲೇನೋ ಬಿಡ್ರಿ ಅಕ್ಕಾ. ನನ್ನ ಕುದುರೀನೂ ಒಮ್ಮೊಮ್ಮಿ ಹಂಗ ಮಾಡ್ತದ."

"ಕುದುರಿ ಒದರ್ತದ, ಕಣ್ಣು ಬಿಡ್ತದ. ಇದರ ಎದಿ ಬಡಿಯೋದು ಎಲ್ಲಿ ನೋಡ್ಲಿ? ನಾಡಿ ಎಲ್ಲಿ ಹಿಡೀಲಿ? ಸತ್ತದೋ ಬದುಕ್ಯದೋ ಹೇಳಾಕ ಒಂದು ಗುರ್ತಾರೆ ಬ್ಯಾಡೇನು?"

ಗುರುತು ಒಂದೇ ಇತ್ತು, ಮುಜೀಬ ಹಿಂದೆ ಹೇಳಿದ್ದು: ಸತ್ತರೆ ನಾರುತ್ತದೆ. ಅಂದಿನಿಂದ ಆಕೆ ಎದ್ದವಳೇ ಕಣ್ಣು ಮುಚ್ಚಿಕೊಂಡು ಪಾತ್ರೆಯ ಬಾಯಿಗೆ ಮೂಗು ಇಡುತ್ತಿದ್ದಳು. ಮೂಸಿ ನೋಡುವ ಆ ಒಂದು ಗಳಿಗೆಗೆ ಆಕೆಯ ಕೈ ಗೋಡೆ ಹಿಡಿದಿರುತ್ತಿತ್ತು. ಉಪ್ಪಿನ ವಾಸನೆ, ಹಸಿ ಕಲ್ಲಿನ ವಾಸನೆ. ಉಸಿರು ಬಿಡುತ್ತಿದ್ದಳು. ಮತ್ತೆ ಸಂಜೆಗೆ ಅದೇ.

ಏನು ಕಡಿಮೆಯಾಗಿದೆ ಎಂದು ಹುಡುಕಿದಳು. ಮುಜೀಬ ಮಾಡಿಕೊಟ್ಟ ಒಂದು ಸಣ್ಣ ಔಷಧದ ಶೀಶೆ ಇತ್ತು, ಒಳಗೆ ಛರ್ರಾ, ಅಂದರೆ ಬಂದೂಕಿನ ಸೀಸದ ಕಾಳು, ಹಾಕಿ ಅರಗಿನಿಂದ ಬಾಯಿ ಮುಚ್ಚಿದ್ದು. ನೀರಿಗೆ ಬಿಟ್ಟರೆ ಉಪ್ಪು ಸರಿ ಇದ್ದಾಗ ಕೆಂಪು ದಾರ ಕಟ್ಟಿದ ತನಕ ಮುಳುಗುತ್ತಿತ್ತು. ಬಿಟ್ಟು ನೋಡಿದಳು, ದಾರಕ್ಕೆ ಸರಿಯಾಗಿ ನಿಂತಿತು. ನೀರು ತಣ್ಣಗಿತ್ತು. ಕಿಟಕಿ ಬಡಗಣದ್ದು, ಬಿಸಿಲು ಬೀಳುತ್ತಿರಲಿಲ್ಲ. ನಲವತ್ತು ಪ್ಯಾಲಿಯ ಬದಲು ಎಂಬತ್ತು ಎತ್ತಿದಳು. ಎಲ್ಲ ಸರಿ ಇದ್ದೂ ಸಾಯುವ ಬಾಣಂತಿಯರನ್ನು ಆಕೆ ನೋಡಿದ್ದಳು. ಅದಕ್ಕೇ ಹೆಚ್ಚು ಹೆದರಿದಳು.

ಅದೇ ಹೊತ್ತಿಗೆ ನವೆಂಬರ್ ಒಂದನೆಯ ತಾರೀಖು ಬಂತು. ಊರಲ್ಲಿ ಬಾವುಟ, ಸಾಲೆಯ ಮಕ್ಕಳಿಗೆ ಪೇಢೆ, ಗಂಜ್ ಮಾರುಕಟ್ಟೆಯಲ್ಲಿ ಹಮಾಲರೆಲ್ಲ ತೊಗರಿ ಚೀಲಗಳ ಮೇಲೆ ಕೂತು ಭಾಷಣ ಕೇಳಿದರು. ನಾವು ಒಂದು ಕೈಯಿಂದ ಚಪ್ಪಾಳೆ ತಟ್ಟಿದರೂ ಇನ್ನೊಂದು ಕೈ ಎದೆಯ ಮೇಲಿತ್ತು. ಟಾಂಗಾ ಅಡ್ಡೆಯಲ್ಲಿ ಒಬ್ಬೊಬ್ಬನದು ಒಂದೊಂದು ಸುದ್ದಿ. ಉದಗೀರು ಮುಂಬೈ ರಾಜ್ಯಕ್ಕೆ ಹೋಯಿತು, ಜಹೀರಾಬಾದು ಆಂಧ್ರಕ್ಕೆ ಹೋಯಿತು, ಇನ್ನು ಹೈದರಾಬಾದಿಗೆ ಹೋಗಲು ಚೀಟಿ ಬೇಕಂತೆ. ರೈಲನ್ನು ಗಡಿಯಲ್ಲಿ ನಿಲ್ಲಿಸಿ ಗಂಟು ಬಿಚ್ಚಿ ನೋಡುತ್ತಾರಂತೆ. ಚೀಟಿಯ ಮಾತು, ಗಂಟಿನ ಮಾತು ಸುಳ್ಳೆಂದು ಆಮೇಲೆ ತಿಳಿಯಿತು. ಆದರೆ ಆಗ ರೂತಮ್ಮನಿಗೆ ಯಾರೋ ಓಣಿಯಲ್ಲೇ ಹೇಳಿಬಿಟ್ಟರು.

"ಖಾಲಾಗ ಬರಾಕ ಬಿಡಲಿಲ್ಲಂದ್ರ?" ಅಂತ ನನ್ನನ್ನು ಕೇಳಿದಳು. ಮರುಗಳಿಗೆಗೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ನರಸಿಂಗ, ಒಂದು ಗಳಿಗಿ ನನಗ ಹಂಗ ಆಗ್ಲೆಂತ ಅನಿಸ್ತೋ. ಬರೋದು ತಡ ಆಗ್ಲಿ ಅಂತ. ಎಂಥಾ ಪಾಪಿ ನಾನು!"

ಅವತ್ತೇ ಆಕೆ ದೊಡ್ಡ ಕೆಲಸಕ್ಕೆ ಕೈ ಹಾಕಿದಳು. ಬರಣಿಯ ಕಡಲ ನೀರಿನಲ್ಲಿ ಮುಕ್ಕಾಲು ಪಾಲು ತೆಗೆದು ಕೊಡಕ್ಕೆ ಸುರಿದು, ಮನೆಯ ಹದಕ್ಕೆ ಬರಲೆಂದು ಒಂದು ದಿನ ಇಟ್ಟು, ಪಾತ್ರೆಯ ಅರ್ಧ ನೀರು ತೆಗೆದು ಅದನ್ನು ತುಂಬಿದಳು. ಎರಡು ದಿನ ಬಿಟ್ಟು ಮತ್ತೊಮ್ಮೆ. ಹೂ ಇನ್ನಷ್ಟು ಕುಗ್ಗಿತು. ಮೈಯಿಂದ ಲೋಳೆ ಬಿಟ್ಟಿತು. ಹತ್ತನೆಯ ತಾರೀಖು ಸುಮಾರಿಗೆ ಅದರ ಬುಡ ಕಲ್ಲನ್ನೇ ಬಿಟ್ಟುಕೊಟ್ಟಿತು. ಮುಂಬೈಯಿಂದ ಇಲ್ಲಿಯವರೆಗೆ ಹಿಡಿದುಕೊಂಡು ಬಂದ ಕಲ್ಲು. ಈಗ ಅದು ಪಾತ್ರೆಯ ಮೂಲೆಯಲ್ಲಿ ಉರುಳಿಕೊಂಡು ಬಿದ್ದಿತ್ತು. ನೋಡಿದ ರೂತಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ದವಾಖಾನೆಯ ಕರೆ ಬಂದರೂ ಏಳಲಿಲ್ಲ. ನಾನು ಅಂಥದ್ದು ಕಂಡಿದ್ದೇ ಇಲ್ಲ.

ಎದುರು ಮನೆಯ ಜಿಜಾಬಾಯಿ ಸೊಂಟದ ಮೇಲೆ ಕೈ ಇಟ್ಟು ಬಂದಳು. ಆಕೆಯ ಬಾಯಿ ಎಂದೂ ಹುಳಿ.

"ಅಯ್ ಇದೇನ ರೂತಬಾಯಿ, ಹೂವಲ್ಲ ಹಣ್ಣಲ್ಲ, ಮೀನಲ್ಲ ಮಾಂಸಲ್ಲ, ಇದಕ್ಕ ಇಷ್ಟ ಅಳೋದೇನು? ನಿನ್ನ ಗಂಡ ಸತ್ತಾಗನೂ ಹಿಂಗ ಕೂತಿದ್ದಿಲ್ಲ ನೀ."

"ಜಿಜಾ, ಸುಮ್ಮನಿರು."

"ಸುಮ್ಮನ ಯಾಕಿರ್ಲಿ? ದಾರಿ ಹೇಳ್ತೇನಿ ಕೇಳು. ಆ ಗಾರ್ಡಗ ಹೇಳಿ ಮುಂಬೈದಿಂದ ಇಂಥಾದೇ ಇನ್ನೊಂದು ತರಿಸು. ಮುದುಕಿಗ ಏನು ಗೊತ್ತಾಗ್ತದ? ಆಕಿ ಇದನ್ನ ಕಣ್ಣಿಲೆ ನೋಡಿ ಎರಡು ವರ್ಷಾತು."

ನನಗೂ ಅದು ಒಳ್ಳೆಯ ಉಪಾಯವೇ ಅನಿಸಿತು. ಸುಳ್ಳೇಕೆ ಹೇಳಲಿ, ನಾನೂ ತಲೆಯಾಡಿಸಿದೆ. ರೂತಮ್ಮ ನಮ್ಮಿಬ್ಬರನ್ನೂ ನೋಡಿದಳು.

"ಕಣ್ಣಿಲೆ ನೋಡಿಲ್ಲ, ಬೆರಳಿಲೆ ನೋಡ್ಯಾಳ," ಅಂದಳು. "ಕೂಸಿನ ಬದಲು ಕೂಸು ಮಲಗಿಸಿದ್ರ ತಾಯಿಗ ತಿಳ್ಯಾಂಗಿಲ್ಲೇನು? ನಾ ಇಷ್ಟು ಹೆರಿಗಿ ಮಾಡಿಸೀನಿ. ತಿಳೀತದ."

ಜಿಜಾಬಾಯಿ ಮೂಗು ಮುರಿದು ಹೋದಳು. ಆದರೆ ಹೋಗಿ ಅರ್ಧ ಗಂಟೆಗೆ ಬಿಸಿ ರೊಟ್ಟಿ, ಪುಂಡಿಪಲ್ಯ ತಂದು ಇಟ್ಟಳು. ರೂತಮ್ಮ ಮುಟ್ಟಲಿಲ್ಲ. ನಾನು ಉಂಡೆ.

ಹೂ ಉಳಿದದ್ದು, ಉಳಿದಿದ್ದರೆ, ಕುತುಬೋದ್ದೀನನಿಂದ. ಆತ ಬಿದರಿ ಕೆಲಸದವನು. ಹುಕ್ಕಾದ ಬುಡಕ್ಕೆ ಬೆಳ್ಳಿ ತಂತಿ ಕೂರಿಸುವಾಗ ಉಳಿ ಜಾರಿ ಅಂಗೈ ಸೀಳಿಕೊಂಡಿದ್ದ. ಪಟ್ಟಿ ಬದಲಾಯಿಸಿಕೊಳ್ಳಲು ದವಾಖಾನೆಗೆ ಹೋದರೆ ರೂತಬಾಯಿ ಬಂದಿಲ್ಲ ಅಂದರಂತೆ, ಮನೆಗೇ ಬಂದ. ಆಕೆ ಪಟ್ಟಿ ಕಟ್ಟುತ್ತಿದ್ದಾಗ ಆತ ಪಾತ್ರೆ ನೋಡಿದ, ಏನಾಯಿತೆಂದು ಕೇಳಿದ. ಆಕೆ ಮೊದಲಿಂದ ಹೇಳಿದಳು. ಕೇಳುತ್ತ ಕೇಳುತ್ತ ಆತನ ಕಣ್ಣು ಮೂಲೆಯಲ್ಲಿದ್ದ ಕೊಡದ ಕಡೆ ಹೋಯಿತು.

"ಆ ಕೊಡದಾಗ ಇರೋದು ಸಮುಂದರ ನೀರೇನು?"

"ಹೌದ್ರಿ ಉಸ್ತಾದ. ಸ್ವಲ್ಪ ಉಳದದ."

ಆತ ಎದ್ದು ಹೋಗಿ, ಒಳ್ಳೆಯ ಕೈಯ ಕಿರುಬೆರಳು ಅದ್ದಿ ನಾಲಗೆಗೆ ಹಚ್ಚಿದ. ತಕ್ಷಣ ಬಾಗಿಲಾಚೆ ಉಗುಳಿದ.

"ತೌಬಾ! ಇದು ಬರೇ ಉಪ್ಪಲ್ಲ ರೂತಬಾಯಿ. ಇದು ನನ್ನ ಕಾರಖಾನಿ ರುಚಿ. ನೀಲಾ ತೂತಿಯಾ."

ನೀಲಾ ತೂತಿಯಾ ಎಂದರೆ ಮೈಲುತುತ್ತ. ಬಿದರಿ ಪಾತ್ರೆಯ ಮೇಲೆ ಗೆರೆ ಕೊರೆಯುವ ಮುಂಚೆ ಅದರ ನೀರು ಸವರಿ ಮೈ ಕಪ್ಪು ಮಾಡುತ್ತಾರೆ, ಗೆರೆ ಎದ್ದು ಕಾಣಲಿ ಎಂದು. ನಲವತ್ತು ವರ್ಷ ಬೆರಳಿಗೆ ಅದನ್ನು ಅಂಟಿಸಿಕೊಂಡವನಿಗೆ ರುಚಿ ಗೊತ್ತಿರದೆ ಇರುತ್ತದೆಯೇ? ಆತ ಕೊಡವನ್ನು ಬೆಳಕಿಗೆ ಓರೆ ಮಾಡಿ ತೋರಿಸಿದ. ಹೊರಗೆ ಬಂಗಾರ. ಒಳಗೆ, ನೀರು ನಿಂತ ಗೆರೆಯುದ್ದಕ್ಕೂ, ಗಿಳಿಯ ರೆಕ್ಕೆಯ ಹಸಿರು.

"ತಾಂಬ್ರಾನೇ ಅದರ ತಾಯಿ," ಅಂದ. "ಹುಣಸಿಲೆ ತಿಕ್ಕಿ ಹಸಿ ಮಾಡಿದ ತಾಂಬ್ರ, ಅದರಾಗ ಉಪ್ಪ ನೀರು. ನಾ ಪ್ಯಾಟಿಯಿಂದ ರೊಕ್ಕ ಕೊಟ್ಟು ತರೋ ವಿಷ ನೀ ಮನ್ಯಾಗೇ ಕುದಿಸಿ ಕೂತೀದಿ. ನಮಗ ನಿಮಗ ಒಂದು ಗುಟುಕಿಗ ಏನೂ ಆಗಾಂಗಿಲ್ಲ. ಆ ಗೇಣಿಲ್ಲದ ಜೀವಕ್ಕ?"

ರೂತಮ್ಮ ಅಳಲಿಲ್ಲ. ಕೊಡವನ್ನೇ ನೋಡುತ್ತ ನಿಂತಳು. "ನಮ್ಮವ್ವನ ಕೊಡ," ಅಂದಳು, ಅಷ್ಟೇ. ನೀರು ಆರಿತೆಂದು ಆಕೆ ಹಾಕಿದ ಪ್ರತಿ ತೊಟ್ಟು, ಬದುಕಲೆಂದು ತುಂಬಿದ ಪ್ರತಿ ಪ್ಯಾಲಿ, ಎಲ್ಲವನ್ನೂ ಮನಸ್ಸಿನಲ್ಲಿ ಎಣಿಸುತ್ತಿದ್ದಳೆಂದು ಕಾಣುತ್ತದೆ.

ಬರಣಿಯ ತಳದಲ್ಲಿ ಕೊಡ ಕಾಣದ ನೀರು ಇನ್ನೊಂದು ಬಟ್ಟಲಿನಷ್ಟು ಉಳಿದಿತ್ತು. ಅದನ್ನು ಚೀನಿ ಬಟ್ಟಲಿಗೆ ಬಗ್ಗಿಸಿ, ಬರಿ ಕೈಯಿಂದ, ಏಳು ತಿಂಗಳಿಗೆ ಹುಟ್ಟಿದ ಕೂಸನ್ನು ಎತ್ತುವ ಹಾಗೆ ಹೂವನ್ನು ಎತ್ತಿ ಅದರಲ್ಲಿ ಬಿಟ್ಟಳು. ಆದರೆ ಒಂದು ಬಟ್ಟಲ ನೀರು ಎಷ್ಟು ದಿನ? ನಾನು ಸ್ಟೇಶನ್ನಿಗೆ ಓಡಿದೆ. ಗೋರಖನಾಥನ ಬರಣಿ ಬರುವ ದಿನ ಎಂದೋ ಕಳೆದಿತ್ತು. ಅವನನ್ನು ಬೇರೆ ಗಾಡಿಗೆ ಹಾಕಿದ್ದಾರೆ, ಆ ಗಾಡಿ ಭಾಲ್ಕಿಗೆ ಬಂದು ಹಿಂದಿರುಗುತ್ತದೆ, ಬರಣಿ ಅಲ್ಲಿ ಪಾರ್ಸಲ್ ಕೋಣೆಯಲ್ಲೇ ಕೂತಿದೆ ಎಂದು ಹಮಾಲ ಹೇಳಿದ.

ಮರುದಿನ ಮುಂಜಾನೆಯ ಗಾಡಿಗೆ ಇಬ್ಬರೂ ಭಾಲ್ಕಿಗೆ ಹೋದೆವು. ದಾರಿಯುದ್ದ ಆಕೆ ಪ್ರಾರ್ಥನೆ ಮಾಡುತ್ತಿದ್ದಳು. ತುಟಿ ಮಾತ್ರ ಅಲುಗುತ್ತಿದ್ದವು. ಬರಣಿ ಒಡೆದಿದ್ದರೆ? ಯಾರಾದರೂ ನೀರನ್ನು ಲೋಹದ ಡಬ್ಬಿಗೆ ಸುರಿದಿದ್ದರೆ? ಪಾರ್ಸಲ್ ಕೋಣೆಯ ಹಮಾಲ ನಮ್ಮನ್ನು ಕಂಡವನೇ ಮುಖ ಸಿಂಡರಿಸಿದ. ಬರಣಿಯ ಬಾಯಿಯ ಬಟ್ಟೆ ಬಿಚ್ಚಿತ್ತು. ರೂತಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

"ಇದನ್ನ ತೆಗದವರ್ಯಾರು?"

"ನಾನೇರಿ ಬಾಯಿ. ಮಾವಿನ ಉಪ್ಪಿನಕಾಯಿ ಇರ್ತದಂತ ರೊಟ್ಟಿ ಹಿಡ್ಕೊಂಡು ಕೂತೆ. ಅದ್ದಿ ಬಾಯಾಗ ಇಟ್ರ ಬರೇ ಉಪ್ಪು. ಮೂರು ದಿನ ನಾಲಿಗಿ ನನ್ನ ಮಾತು ಕೇಳಲಿಲ್ಲ ನೋಡ್ರಿ."

"ರೊಟ್ಟಿಲೆ ಅದ್ದಿದಿ? ಚಮಚಾ, ಗಿಂಡಿ, ತಾಂಬ್ರದ್ದು ಹಿತ್ತಾಳಿದು ಏನಾರೆ ಹಾಕಿದಿ?"

"ರೊಟ್ಟೀನೇರಿ. ಬಡವರ ಕಡೆ ಚಮಚಾ ಎಲ್ಲಿಂದ ಬರ್ಬೇಕು?"

ಆಕೆ ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆತ ಕಕ್ಕಾಬಿಕ್ಕಿಯಾದ. ಬರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬೀದರಿಗೆ ಬಂದೆವು.

ಗಾಜಿನ ಪಾತ್ರೆಯನ್ನು ಹತ್ತು ಸಲ ತೊಳೆದು, ಹಿತ್ತಲಲ್ಲಿ ಬಿದ್ದ ಮಡಕೆಯನ್ನು ಮತ್ತೆ ತಂದು, ಹೊಸ ನೀರಿನಲ್ಲಿ ಹೂವನ್ನು ಬಿಟ್ಟದ್ದಾಯಿತು. ಅಷ್ಟರಲ್ಲಿ ಹಮೀದುನ್ನಿಸಾಳ ತಮ್ಮನಿಂದ ಕಾಗದ ಬಂತು: ಇಪ್ಪತ್ತೈದನೆಯ ತಾರೀಖು ಭಾನುವಾರ ಬರುತ್ತಾರೆ, ಚಷ್ಮಾ ಬಂದಿದೆ, ಕಣ್ಣು ಚೆನ್ನಾಗಿ ಕಾಣುತ್ತವೆ. ಓಣಿಗೆಲ್ಲ ಸಂತೋಷ. ರೂತಮ್ಮ ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದಳು. ಪ್ರತಿ ಸಲವೂ ತಾರೀಖಿನ ಹತ್ತಿರ ಬಂದಾಗ ಕೈ ಎತ್ತಿ ನಿಲ್ಲಿಸುತ್ತಿದ್ದಳು.

ಒಂಬತ್ತು ದಿನ ಸಿಕ್ಕವು. ಆರನೆಯ ದಿನ ಅದು ಪಾತ್ರೆಯ ತಳಕ್ಕೆ ಅಂಟಿಕೊಂಡಿತು, ತನ್ನ ಕಲ್ಲಿಗಲ್ಲ, ಗಾಜಿಗೆ. ಅಂಟಿದ್ದೋ ಸುಮ್ಮನೆ ಕುಳಿತದ್ದೋ, ಮುಟ್ಟಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನಾರಲಿಲ್ಲ. ಅರಳಲೂ ಇಲ್ಲ. ಹಿಂಡಿ ಬಿಸಾಕಿದ ಹುಣಸೆಯಂತೆ ಕೂತಿತ್ತು, ಮೊದಲಿನ ಅರ್ಧದಷ್ಟಾಗಿ.

ಭಾನುವಾರ ರೂತಮ್ಮ ಚರ್ಚಿಗೆ ಹೋಗಲಿಲ್ಲ. ಮುದುಕಿಯನ್ನು ಸ್ಟೇಶನ್ನಿನಿಂದ ಕರೆತಂದೆ. ದಪ್ಪ ಚಷ್ಮಾದ ಹಿಂದೆ ಕಣ್ಣು ಗೂಬೆಯ ಕಣ್ಣಿನಷ್ಟಾಗಿದ್ದವು. ದಾರಿಯುದ್ದ ಚೌಬಾರಾ ನೋಡಿ, ಗೋಡೆ ನೋಡಿ, ನನ್ನ ಕುದುರೆ ನೋಡಿ, "ನರಸಿಂಗಾ, ಇದು ಇಷ್ಟ ಬಡಕಲೇನೋ? ದನಿ ಕೇಳಿ ಅರಬ್ಬಿ ಕುದುರಿ ಅಂದುಕೊಂಡಿದ್ದೆ," ಎಂದು ನಗುತ್ತ ಬಂದಳು. ನಾನು ಬೇಕೆಂದೇ ಕುದುರೆಯನ್ನು ಮೆಲ್ಲಗೆ ನಡೆಸಿದೆ.

ತನ್ನ ಮನೆಗೆ ಹೋಗದೆ ಸೀದಾ ರೂತಮ್ಮನ ಬಾಗಿಲಿಗೆ ಬಂದಳು. ರೂತಮ್ಮ ಕಿಟಕಿಯ ಹತ್ತಿರ ನಿಂತಿದ್ದಳು, ಬಿಳಿ ಸೀರೆಗಿಂತ ಬೆಳ್ಳಗೆ.

"ಖಾಲಾ, ಮೊದಲ ನನ್ನ ಮಾತು ಕೇಳ್ರಿ. ನಾ ಅದಕ್ಕ ವಿಷ ಹಾಕೀನಿ. ಗೊತ್ತಿಲ್ದೇ ಹಾಕೀನಿ, ಆದ್ರ ಹಾಕಿದ ಕೈ ಇದೇ. ಮಡಕಿ ಹೊಲಸದಂತ ಬಿಟ್ಟು ನಮ್ಮವ್ವನ ತಾಂಬ್ರದ ಕೊಡದಾಗ ನೀರಿಟ್ಟೆ. ಅದು ಒಂದು ತಿಂಗಳಾತು, ಅರಳಿಲ್ಲ."

ಮುದುಕಿಯ ನಗು ಅಲ್ಲೇ ನಿಂತಿತು. ಪಾತ್ರೆಯ ಹತ್ತಿರ ಹೋಗಿ, ಗಾಜಿಗೆ ಚಷ್ಮಾ ತಾಗುವಷ್ಟು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಹೊಸ ಕಣ್ಣಿನಿಂದ ಏನು ನೋಡಬೇಕೆಂದು ಬಂದಿದ್ದಳೋ ಅದು ಅಲ್ಲಿರಲಿಲ್ಲ.

ಆಮೇಲೆ ಚಷ್ಮಾ ತೆಗೆದು ನನ್ನ ಕೈಗೆ ಕೊಟ್ಟಳು. ಕಣ್ಣು ಮುಚ್ಚಿಕೊಂಡು, ತೋರುಬೆರಳನ್ನು ನೀರಿಗೆ ಇಳಿಬಿಟ್ಟಳು, ಆ ಮುದುಡಿದ ಗಂಟಿನ ನೆತ್ತಿಗೆ ತಾಗಿಯೂ ತಾಗದ ಹಾಗೆ. ಹೊರಗೆ ಜಿಜಾಬಾಯಿ ಬಂದು ನಿಂತಿದ್ದಳು. ನನ್ನ ಕುದುರೆ ಓಣಿಯಲ್ಲಿ ಗೊರಸು ಕೆರೆಯುವ ಸದ್ದು ಒಂದೇ.

ಏನೂ ಆಗಲಿಲ್ಲ. ಮುದುಕಿ ಬೆರಳನ್ನು ಅಲುಗಿಸದೆ ಹಾಗೇ ಇಟ್ಟಳು.

ಗಂಟಿನ ನೆತ್ತಿಯಲ್ಲಿ ಒಂದು ಸಣ್ಣ ತೂತು ಬಿಟ್ಟಿತು. ಅದರಿಂದ ಒಂದು ಎಳೆ, ಕೂಸಿನ ರೆಪ್ಪೆಕೂದಲಿನಷ್ಟು, ಹೊರಗೆ ಬಂತು. ಇನ್ನೊಂದು ಬಂತು.

"ಹಿಡೀತು," ಅಂದಳು ಹಮೀದುನ್ನಿಸಾ.

ರೂತಮ್ಮ ಬಂದು ಪಾತ್ರೆಗೆ ಮುಖ ಹಚ್ಚಿ ನೋಡಿದಳು. ಮುದುಕಿ ಬೆರಳು ತೆಗೆಯಲಿಲ್ಲ. ಹಾಗೇ ನಿಂತು, ಕಣ್ಣು ಮುಚ್ಚಿಯೇ ಹೇಳಿದಳು: "ಮಡಕೀನೇ ಯಾಕಂತ ಮುಜೀಬಗ ನಾ ಕೇಳಲಿಲ್ಲ. ನನಗ ನೀ ಕೇಳಲಿಲ್ಲ. ನನ್ನ ಬೇಟಾ ಹುಷಾರಂತ ನಾ, ನಿನ್ನ ಅವ್ವನ ಕೊಡ ಶುದ್ಧ ಅಂತ ನೀ. ಇಬ್ಬರೂ ಕೂಡಿ ಇದನ್ನ ಕೊಲ್ತಿದ್ವಿ ನೋಡು." ಎಳೆಗಳನ್ನು ಬೆರಳ ತುದಿಯಿಂದ ತಡವಿ, "ಸೊರಗ್ಯದ. ಅವನಿಗ ಬಹಳ ಜಡ್ಡಾಗಿತ್ತು, ಈಗ ಇಳೀಲತ್ತದ," ಅಂದಳು.

ಓಣಿಯವರು ಅದನ್ನು ಒಳ್ಳೆಯ ಸುದ್ದಿಯೆಂದೇ ಹೇಳಿಕೊಂಡು ಹೋದರು. ರೂತಮ್ಮ ಕೊಡವನ್ನು ಅಟ್ಟದ ಮೇಲೆ ಬೋರಲು ಇಟ್ಟಳು. ಆಮೇಲೆ ಶನಿವಾರ ಹುಣಸೆ ನೆನೆ ಹಾಕಿದ್ದನ್ನು ನಾನು ನೋಡಲಿಲ್ಲ. ಪಾತ್ರೆ ಮುದುಕಿಯ ಮನೆಗೆ ಹಿಂದಿರುಗಿತು. ಮುಜೀಬನ ಕಾಗದ ಮುಂದಿನ ವರ್ಷವೂ ಬರಲಿಲ್ಲ.

ಎಲ್ಲ ಮುಗಿಯಿತಲ್ಲ, ಇನ್ನು ನೆಮ್ಮದಿಯಾಗಿ ಇರಿ ಅಕ್ಕಾ ಎಂದು ಒಂದು ದಿನ ಅಂದೆ. ಸಂಜೆಯ ಹೊತ್ತು, ಆಕೆ ದವಾಖಾನೆಯಿಂದ ಬಂದವಳು ಕೈ ತೊಳೆದು ಮುದುಕಿಯ ಮನೆಯ ಕಡೆ ಹೊರಟಿದ್ದಳು. ನಿಂತಳು.

"ಹೆಂಗಿರ್ಲಿ ನೆಮ್ಮದಿ? ಅಲ್ಲಿತನಾ ಹೂವಿನಾಗ ಮುಜೀಬನ ಜೀವ ಅದಂತ ಖಾಲಾ ಒಬ್ಬಾಕೀನೇ ನಂಬಿದ್ದಳು. ನಾ ಆಕಿ ಎದಿ ಒಡೀತದಂತ ಹೆದರಿದ್ದೆ. ಆವತ್ತು ಅದು ಬೆರಳು ಹಿಡೀತಲ್ಲ, ಆವಾಗಿಂದ ನಾನೂ ನಂಬೀನಿ ನರಸಿಂಗ. ಈಗ ದಿನಾ ಮುಂಜಾನಿ ಮೂಗು ಇಡಾಕ ನನಗ ಜೀವಾನೇ ಇರಾಂಗಿಲ್ಲ."

ಹೇಳಿ ಒಳಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ. ಒಳಗಿನಿಂದ ನೀರು ಎತ್ತಿ ಬಿಡುವ ಸದ್ದು, ಜೊತೆಗೆ ಇಬ್ಬರು ಹೆಂಗಸರು ಮೆಲ್ಲಗೆ ಎಣಿಸುವ ದನಿ: ಒಬ್ಬಳು ಕನ್ನಡದಲ್ಲಿ, ಒಬ್ಬಳು ಉರ್ದುವಿನಲ್ಲಿ, ನಲವತ್ತರ ತನಕ.